ಮನೆತನದ ಕೆಮ್ಮು

ನಮ್ಮ ಮನೆಯಲ್ಲಿ ಕೆಮ್ಮಿಗೆ ಇದ್ದಷ್ಟು ಮರ್ಯಾದೆ ಮನುಷ್ಯರಿಗೆ ಇರಲಿಲ್ಲ. ಅಪ್ಪ ಹೊರಗಿನಿಂದ ಬಂದರೆ ಹೊಸ್ತಿಲ ಹತ್ತಿರ ನಿಂತು ಎರಡು ಸಲ ಕೆಮ್ಮುತ್ತಾರೆ. ಮೊದಲನೆಯದು ಗಂಟಲು ಸರಿಮಾಡಿಕೊಳ್ಳಲು, ಎರಡನೆಯದು ನಮ್ಮನ್ನು ಸರಿಮಾಡಲು. ಆ ಎರಡನೆಯ ಕೆಮ್ಮಿಗೆ ಹೆಂಗಸರು ಸೆರಗು ಎಳೆದುಕೊಳ್ಳಬೇಕು, ಟಿವಿ ಬಾಯಿ ಮುಚ್ಚಬೇಕು, ಅಂಗಳದ ನಾಯಿ ಕೂಡ ಬಾಲ ಒಪ್ಪವಾಗಿ ಇಟ್ಟುಕೊಳ್ಳಬೇಕು. ಊರಿನ ಹಿರೀಕರೆಲ್ಲ ಹೀಗೆ ಕೆಮ್ಮಿಕೊಂಡೇ ಮನೆ ಹೊಗುವುದು. ಹೊಸ ಮನೆ ಕಟ್ಟಿಸಿ ಬಾಗಿಲಿಗೆ ಬೆಲ್ ಹಾಕಿಸಿದವರೂ ಬೆಲ್ ಒತ್ತಿದ ಮೇಲೆ ಒಂದು ಸಲ ಕೆಮ್ಮುತ್ತಾರೆ. ಕರೆಂಟಿನ ಮೇಲೆ ಅಷ್ಟು ನಂಬಿಕೆ.

ನಾನು ಅಕ್ಷರಕ್ಕಿಂತ ಮೊದಲು ಈ ಕೆಮ್ಮುಗಳನ್ನು ಕಲಿತೆ. ಚಿಕ್ಕವನಿದ್ದಾಗ ನಾನು ಅಪ್ಪನ ಹಾಗೇ ಕೆಮ್ಮಿದರೆ ಅವ್ವ ಅಡುಗೆಮನೆಯಿಂದ ಸೆರಗು ಸರಿಮಾಡಿಕೊಂಡು ಓಡಿ ಬರುತ್ತಿದ್ದಳು, ನನ್ನನ್ನು ಕಂಡು ಸೌಟು ಎತ್ತುತ್ತಿದ್ದಳು. ಆ ಸೌಟಿನ ಏಟೇ ನನ್ನ ಮೊದಲ ಸಂಭಾವನೆ. ಈಗ ಶಾಲೆಗಳ ವಾರ್ಷಿಕೋತ್ಸವದಲ್ಲಿ, ಮದುವೆಯ ಆರತಕ್ಷತೆಯಲ್ಲಿ ಮಿಮಿಕ್ರಿ ಮಾಡುತ್ತೇನೆ. ಎಮ್ಮೆ, ಟ್ರ್ಯಾಕ್ಟರ್, ಹೆಡ್‌ಮಾಸ್ತರು, ಸ್ಟಾರ್ಟ್ ಆಗದ ಟ್ರ್ಯಾಕ್ಟರ್, ಸಿಟ್ಟಾದ ಹೆಡ್‌ಮಾಸ್ತರು. ಕೊನೆಯ ಎರಡಕ್ಕೆ ನಾನು ಹಾಕುವುದು ಒಂದೇ ಶಬ್ದ. ಇದುವರೆಗೆ ಯಾರೂ ಹಿಡಿದಿಲ್ಲ. ಕೊಡುವುದು ಒಂದು ಶಾಲು, ಒಂದು ಸ್ಟೀಲ್ ತಟ್ಟೆ, ಜೊತೆಗೆ "ನಿಂಗೆ ಒಳ್ಳೆ ಭವಿಷ್ಯ ಐತೆ ಕಣಪ್ಪ" ಎಂಬ ಆಶೀರ್ವಾದ. ಆ ಭವಿಷ್ಯ ಬಸ್ಸು ಹತ್ತಿ ಬಂದು ಇಳಿಯುವವರೆಗೆ ಹೊಟ್ಟೆಗೆ ಏನಾದರೂ ಬೇಕಲ್ಲ. ಹಾಗಾಗಿ ಸುಗ್ಗಿಯಲ್ಲಿ ಮೆಕ್ಕೆಜೋಳ ಒಕ್ಕುವ ಮಷೀನಿನ ಜೊತೆ ತಿರುಗುತ್ತೇನೆ, ಜಗಳೂರು ಕಡೆಯ ಹೊಲಗಳಿಂದ ಹಿಡಿದು ನ್ಯಾಮತಿ, ಹೊನ್ನಾಳಿವರೆಗೆ. ಮಷೀನು ಒಂದು ಕಡೆ ಕಾಳು ಉಗುಳುತ್ತದೆ, ಇನ್ನೊಂದು ಕಡೆ ಕಾಳು ಬಿಟ್ಟ ಬೆಂಡು, ಮೂರನೆಯ ಕಡೆ ಹೊಟ್ಟಿನ ಧೂಳು. ಬುದ್ಧಿವಂತರು ಮೊದಲ ಎರಡು ಕಡೆ ನಿಲ್ಲುತ್ತಾರೆ. ನಾನು ಎಲ್ಲಿ ನಿಲ್ಲುತ್ತೇನೆ ಎಂದು ಹೇಳಬೇಕಾಗಿಲ್ಲ.

ನಮ್ಮದು ಚನ್ನಗಿರಿ ತಾಲ್ಲೂಕು, ನಲ್ಲೂರಿಗೆ ಹತ್ತಿರ. ಮನೆಯ ಹಳೆಯ ಹೆಮ್ಮೆ ಎಂದರೆ ಮುತ್ತಜ್ಜನ ಕೆಮ್ಮು. ಅವರು ಕೆಮ್ಮಿದರೆ ಕೆರೆಯ ಆಚೆಗಿದ್ದ ಎತ್ತು ತಾನಾಗಿ ಮನೆ ಕಡೆ ತಿರುಗುತ್ತಿತ್ತಂತೆ. ಮುತ್ತಜ್ಜ ಹೋದರು, ಎತ್ತೂ ಹೋಯಿತು, ಅಪ್ಪನ ಬಾಯಲ್ಲಿ ಕೆಮ್ಮು ಮಾತ್ರ ಉಳಿಯಿತು. "ಇದು ನಮ್ಮ ಮನೆತನದ ಕೆಮ್ಮು. ರಕ್ತದಾಗೆ ಬಂದಿದ್ದು," ಎಂದು ಬಂದವರಿಗೆಲ್ಲ ಹೇಳುತ್ತಾರೆ, ಬೇರೆಯವರು ತೋಟ ತೋರಿಸಿದ ಹಾಗೆ.

ತಮಾಷೆ ಏನೆಂದರೆ, ಮನೆಯಲ್ಲಿ ನಿಜವಾಗಿ ಕೆಮ್ಮುತ್ತಿದ್ದವರು ಯಾವತ್ತೂ ಹೆಂಗಸರು. ಅಪ್ಪನದು ಬರೀ ಬಾಯಿ. ನನ್ನದರ ಹಾಗೆ, ಮಿಮಿಕ್ರಿ. ಅಜ್ಜಿ, ಅಂದರೆ ಅಪ್ಪನ ಅವ್ವ, ಬೆಳಗ್ಗೆ ಎದ್ದರೆ ಒಲೆ ಹೊತ್ತುವ ಮೊದಲೇ ಅವಳ ಎದೆ ಹೊತ್ತುತ್ತಿತ್ತು. ಮೊದಲು ಒಣಗಿದ ಎರಡು ಕೆಮ್ಮು, ಆಮೇಲೆ ಒಳಗಿನಿಂದ ಗೊರಗೊರ ಎಳೆಯುವುದು, ಕೊನೆಗೆ ಗೋಡೆ ಹಿಡಿದು ಸಣ್ಣದೊಂದು ಶಿಳ್ಳೆ. ಅವಳು ತೀರಿಕೊಳ್ಳುವ ಹೊತ್ತಿಗೆ ಆ ಶಬ್ದ ಅವ್ವನ ಎದೆಗೆ ಬಂದು ಸೇರಿತ್ತು. ಅವ್ವನಿಗೆ ಕೆಮ್ಮು ಹತ್ತಿಕೊಂಡಾಗ ನಮ್ಮ ಬಂಧುಬಳಗದವರು ಮಾತ್ರೆ ಕೊಡಿಸಲಿಲ್ಲ, ಸರ್ಟಿಫಿಕೇಟ್ ಕೊಟ್ಟರು: "ಈಗ ನೋಡ್ರಿ, ಸಾಸ್ವೆಹಳ್ಳಿ ಹುಡುಗಿ ನಮ್ಮನೆಯಾಕೆ ಆದ್ಲು!" ಕೆಮ್ಮಿ ಕೆಮ್ಮಿ ಕುಲ ಸೇರುವ ಭಾಗ್ಯ ಬೇರೆ ಯಾರಿಗಿದೆ?

ಅಡುಗೆಮನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದಕ್ಕೆ ಇರುವುದು ಒಂದೇ ಕಿಟಕಿ, ಅದಕ್ಕೆ ಅಡ್ಡವಾಗಿ ಇರುವುದು ಕಾಳಿನ ಚೀಲಗಳು. ಒಲೆಗೆ ಹಾಕುವುದು ಅಡಿಕೆ ಸಿಪ್ಪೆ, ಇಲ್ಲವೇ ನಾನು ಮಷೀನಿನಿಂದ ಹೊತ್ತು ತರುವ ಬೆಂಡು. ಬಿಟ್ಟಿ ಸಿಗುತ್ತದೆ ಎಂದು ಚೀಲಗಟ್ಟಲೆ ತಂದು ಹಾಕಿ, ಮನೆಗೆ ಮಹದುಪಕಾರ ಮಾಡಿದವನ ಹಾಗೆ ಮೈ ಕೊಡವಿಕೊಳ್ಳುತ್ತಿದ್ದೆ. ಎರಡೂ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಗ್ಯಾಸ್ ಇರಲಿಲ್ಲ ಎಂದುಕೊಳ್ಳಬೇಡಿ. ಇತ್ತು. ಕಸೂತಿ ಹಾಕಿದ ಬಟ್ಟೆ ಹೊದ್ದು, ಆಯುಧಪೂಜೆಯ ಕುಂಕುಮ ಮೆತ್ತಿಕೊಂಡು, ಮೂಲೆಯಲ್ಲಿ ಮದುವೆ ಹೆಣ್ಣಿನಂತೆ ಕೂತಿತ್ತು. ಬೀಗರು ಬಂದರೆ ಟೀಗೆ ಮಾತ್ರ ಬಟ್ಟೆ ತೆಗೆಯುವುದು. ಉಳಿದಂತೆ ಅಪ್ಪನ ತೀರ್ಪು ಒಂದೇ: "ಗ್ಯಾಸಿನಾಗೆ ಮಾಡಿದ್ ಸಾರು ಸಾರೇ ಅಲ್ಲ." ರುಚಿ ಅಪ್ಪನ ನಾಲಿಗೆಗೆ, ಹೊಗೆ ಅವ್ವನ ಎದೆಗೆ. ನಮ್ಮ ಮನೆಯಲ್ಲಿ ಪಾಲು ಯಾವಾಗಲೂ ಹೀಗೆ ನ್ಯಾಯವಾಗಿಯೇ ಆಗುವುದು.

ಈ ಮನೆಗೆ ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಅತ್ತಿಗೆ ಬಂದರು, ಅಣ್ಣನನ್ನು ಮದುವೆಯಾಗಿ. ಅವರ ಮಾತಿಗೆ ಫುಲ್‌ಸ್ಟಾಪ್ ಇರಲಿಲ್ಲ. ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್‌ಗೂ ಕೋಳಿ ಬುಟ್ಟಿಯ ಮುದುಕಿಗೂ ಆದ ಜಗಳವನ್ನು ಬಂದ ವಾರದಲ್ಲೇ ಹೇಳಿದರು: ಕಂಡಕ್ಟರ್, ಮುದುಕಿ, ಕೋಳಿ ಮೂವರದೂ ದನಿ ತೆಗೆದು, ಒಂದೇ ಉಸಿರಿನಲ್ಲಿ. ನನಗೆ ಹೊಟ್ಟೆ ಉರಿಯಿತು. ಸ್ಟೇಜು ಹತ್ತುವವನು ನಾನು, ನಮ್ಮವ್ವ ಚಪ್ಪಾಳೆ ಹೊಡೆಯುತ್ತಿದ್ದದ್ದು ಅವರಿಗೆ.

"ಅತ್ಗೆ, ಕೋಳಿ ಸ್ವಲ್ಪ ಸರಿ ಬರ್ಲಿಲ್ಲ," ಎಂದೆ.

"ಕೋಳಿ ನಿನ್ನಂಗೆ ತರಬೇತಿ ತಗಂಡಿರ್ಲಿಲ್ಲಪ್ಪ, ಅದಕ್ಕೇ," ಎಂದರು.

ಮೂರನೆಯ ಸುಗ್ಗಿಯ ಹೊತ್ತಿಗೆ ಅತ್ತಿಗೆಯ ಕಥೆಗಳಿಗೆ ಫುಲ್‌ಸ್ಟಾಪ್ ಬಂತು. ಕಂಡಕ್ಟರ್ ಮುಗಿದ ಮೇಲೆ ಒಂದು ಕೆಮ್ಮು, ಮುದುಕಿಯ ನಡುವೆ ಒಂದು ಕೆಮ್ಮು. ಕೋಳಿಯವರೆಗೆ ಬರುವುದೇ ಇಲ್ಲ. ಸಿಪ್ಪೆಯ ಕಾಲ ಅದು. ರಸ್ತೆಯ ಎರಡೂ ಬದಿ ಸುಲಿದ ಅಡಿಕೆ ಸಿಪ್ಪೆಯ ಗುಡ್ಡೆ ಹಾಕುತ್ತಾರೆ, ಯಾರೋ ಪುಣ್ಯಾತ್ಮ ಕಡ್ಡಿ ಗೀರುತ್ತಾನೆ, ವಾರಗಟ್ಟಲೆ ಊರು ಮೋಡದಲ್ಲಿ ತೇಲುವ ಸ್ವರ್ಗದ ಹಾಗೆ ಇರುತ್ತದೆ. ಹೊರಗೆ ಆ ಹೊಗೆ, ಒಳಗೆ ಈ ಹೊಗೆ. ಬಂಧುಗಳು ಮತ್ತೆ ಸರ್ಟಿಫಿಕೇಟ್ ಹಿಡಿದು ಬಂದರು. "ಈಕೆಗೂ ನಮ್ಮನೆ ಕೆಮ್ಮು ಬಂತು ಬಿಡ್ರಿ." ಅಪ್ಪ ಮೀಸೆ ತಿರುವಿದರು. ಅತ್ತಿಗೆ ಮಾತ್ರ ಒಂದು ಕೊಡ ನೀರು ಎತ್ತಿ ಅಂಗಳ ದಾಟುವಷ್ಟರಲ್ಲಿ ಕಟ್ಟೆಯ ಮೇಲೆ ಕೂರುತ್ತಿದ್ದರು.

ಒಂದು ದಿನ ಅವ್ವನೇ ಹೊರಡಿಸಿದಳು. ಅಣ್ಣನಿಗೆ ತೋಟದಲ್ಲಿ ಕೆಲಸ; ಅವನಿಗೆ ಮಾತಾಡಬೇಕಾದ ಹೊತ್ತಿನಲ್ಲೆಲ್ಲ ತೋಟದಲ್ಲಿ ಕೆಲಸ ಬರುತ್ತದೆ. ಅವ್ವನನ್ನೂ ಅತ್ತಿಗೆಯನ್ನೂ ನಾನು ಚನ್ನಗಿರಿಯ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಲೇಡಿ ಡಾಕ್ಟರು ಉಸಿರು ಅಳೆಯುವ ಒಂದು ಕೊಳವೆ ಕೊಟ್ಟು ಊದಲು ಹೇಳಿದರು. ಅವ್ವ ಊದಿದಳು, ಅತ್ತಿಗೆ ಊದಿದರು. ಕಂಪ್ಯೂಟರಿನಲ್ಲಿ ಗೆರೆ ಗುಡ್ಡ ಹತ್ತಲಾರದೆ ಅರ್ಧಕ್ಕೇ ಕೂತಿತು. ಡಾಕ್ಟರು ಕೆಮ್ಮಿನ ಬಗ್ಗೆ ಕೇಳಲಿಲ್ಲ, ಅಡುಗೆಯ ಬಗ್ಗೆ ಕೇಳಿದರು. ಒಲೆ ಯಾವುದು, ಉರಿಸುವುದು ಏನು, ಕಿಟಕಿ ಎಷ್ಟು.

ನಾನು ಸುಮ್ಮನಿರಬೇಕಿತ್ತು. "ಮೇಡಂ, ಇದು ನಮ್ಮ ಮನೆತನದ್ದು, ರಕ್ತದಾಗೆ ಬಂದಿದ್ದು," ಎಂದೆ, ಥೇಟ್ ಅಪ್ಪನ ದನಿಯಲ್ಲಿ.

"ಇವರು ನಿಮ್ಮನೆ ಮಗಳಾ?" ಎಂದು ಅತ್ತಿಗೆಯನ್ನು ತೋರಿಸಿ ಕೇಳಿದರು.

"ಅಲ್ಲ, ಸೊಸೆ."

"ಇವರು?" ಅವ್ವನ ಕಡೆ ನೋಡಿದರು.

"ಅವರೂ ಸೊಸೆ."

"ಮತ್ತೆ ಯಾವ ರಕ್ತ?"

ಅಪ್ಪನ ದನಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಡಾಕ್ಟರು ಸಮಾಧಾನದಿಂದಲೇ ವಿವರಿಸಿದರು. ಉಸಿರಿನ ಕೊಳವೆಯ ಒಳಮೈಯಲ್ಲಿ ಕಸ ಗುಡಿಸುವ ಸಣ್ಣ ಸಣ್ಣ ಎಳೆಗಳಿರುತ್ತವೆ, ಧೂಳು ಅಂಟಿಸಿಕೊಳ್ಳಲು ಕಫ ಮಾಡುವ ಜೀವಕೋಶಗಳೂ ಇರುತ್ತವೆ. ಯಾವುದು ಎಷ್ಟು ಕೆಲಸ ಮಾಡಬೇಕು ಎನ್ನುವ ಆಜ್ಞೆ ಜೀನ್‌ಗಳದು. "ಜೀನು ಹುಟ್ಟಿನಿಂದ ಬರುತ್ತೆ, ನಿಜ. ಆದ್ರೆ ಅದು ಎಷ್ಟು ಜೋರಾಗಿ ಕೆಲಸ ಮಾಡುತ್ತೆ ಅನ್ನೋದು ಹುಟ್ಟಿದ ಮೇಲೂ ಬದಲಾಗುತ್ತೆ. ದಿನಾ ಹೊಗೆ, ಧೂಳು ಒಳಗೆ ಹೋದ್ರೆ ಕಫ ಮಾಡೋ ಜೀನು ಜೋರಾಗುತ್ತೆ, ಊತ ತರೋವು ಎದ್ದು ಕೂರ್ತವೆ, ಗುಡಿಸೋ ಕೆಲಸ ಮಂಕಾಗುತ್ತೆ. ಕೆಲವರ ಶ್ವಾಸಕೋಶ ಹುಟ್ಟಿನಿಂದಲೇ ಸ್ವಲ್ಪ ಸೂಕ್ಷ್ಮ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಅತ್ತೆ ಸೊಸೆ ಇಬ್ಬರಿಗೂ ಒಂದೇ ಥರ ಬಂದಿದೆ ಅಂದ್ರೆ ನಾನು ಮೊದಲು ಒಲೆ ನೋಡ್ತೀನಿ."

"ಬೋರ್‌ವೆಲ್ ಮೋಟರ್ ಆಟೋದಾಗೆ ಇಟ್ಟಂಗಾ ಮೇಡಂ?" ಎಂದೆ. ನಮ್ಮ ಕಡೆ ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಕರೆಂಟು ಬಂದ ತಕ್ಷಣ ತಾನೇ ಓಡುತ್ತದೆ. ತೋಟಕ್ಕೆ ನೀರು ಬೇಕೋ ಬೇಡವೋ ಅದಕ್ಕೆ ಗೊತ್ತಿಲ್ಲ.

ಡಾಕ್ಟರು ನಕ್ಕರು. "ಹಾಗೇ ಅಂದ್ಕೋ. ಈ ಚಿಕ್ಕವರದ್ದು ಹೊಗೆ ನಿಲ್ಲಿಸಿದ್ರೆ ಬಹಳಷ್ಟು ವಾಪಸ್ ಬರಬಹುದು. ಅಮ್ಮಂದು..." ಎಂದು ಅವ್ವನ ಮುಖ ನೋಡಿ ದನಿ ಇಳಿಸಿದರು, "ವರ್ಷಗಟ್ಟಲೆ ಆಟೋದಲ್ಲೇ ಇದೆ. ಹೊಗೆ ನಿಂತರೆ ಇನ್ನೂ ಕೆಡೋದು ನಿಧಾನ ಆಗುತ್ತೆ. ಪೂರ್ತಿ ಮೊದಲಿನ ಹಾಗೆ ಆಗಲ್ಲ."

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಂದು ಇರ್ಲಿ ಬಿಡ್ರಿ, ಆ ಹುಡುಗಿದು ನೋಡ್ರಿ," ಎಂದಳು.

ಆಮೇಲೆ ಡಾಕ್ಟರು ನನ್ನ ತಲೆಗೂದಲಿನ ಧೂಳು ನೋಡಿ ನನಗೂ ಕೊಳವೆ ಕೊಟ್ಟರು. ರೈಲು, ಟ್ರ್ಯಾಕ್ಟರ್ ಎಲ್ಲ ಊದುವ ಎದೆ ಇದು ಎಂದು ಕೊಚ್ಚಿಕೊಂಡು ಊದಿದೆ. ನನ್ನ ಗೆರೆಯೂ ಗುಡ್ಡ ಹತ್ತುವಾಗ ಸ್ವಲ್ಪ ಸುಸ್ತಾಯಿತು.

"ಮಷೀನ್ ಹತ್ರ ಮಾಸ್ಕ್ ಹಾಕ್ಕೊಳ್ಳಲ್ವಾ?"

"ಹಾಕ್ಕೊಂಡ್ರೆ ಮಾತಾಡಾಕೆ ಆಗಲ್ಲ ಮೇಡಂ."

"ಅದಕ್ಕೋಸ್ಕರನಾದ್ರೂ ಹಾಕ್ಕೋ," ಎಂದರು. ಅತ್ತಿಗೆ ನಗಲು ಹೋದರು. ನಗು ಅರ್ಧದಲ್ಲೇ ಕೆಮ್ಮಾಯಿತು.

ಇಬ್ಬರಿಗೂ ಬಾಯಿಗಿಟ್ಟು ಎಳೆಯುವ ಪಂಪು ಬರೆದುಕೊಟ್ಟರು. ಅವ್ವ ತನ್ನದನ್ನು ಬೇಳೆ ಡಬ್ಬಿಯ ಹಿಂದೆ ಬಚ್ಚಿಟ್ಟಳು, ಅನುಭವಸ್ಥೆ. ಅತ್ತಿಗೆ ಕನ್ನಡಿಯ ಹತ್ತಿರ ಬಾಚಣಿಗೆಯ ಪಕ್ಕದಲ್ಲಿಟ್ಟರು. ಅಪ್ಪನ ಕಣ್ಣಿಗೆ ಬಿತ್ತು. ಆ ಗಳಿಗೆಯಿಂದ ಅತ್ತಿಗೆಯ ಕೆಮ್ಮು ಮನೆತನದ್ದಲ್ಲ, ರೋಗ. ನಿನ್ನೆಯವರೆಗೆ ಮೀಸೆ ತಿರುವಿಸಿದ ಕೆಮ್ಮು ಒಂದು ಪ್ಲಾಸ್ಟಿಕ್ ಡಬ್ಬಿ ಕಂಡದ್ದೇ ಕುಲಗೆಟ್ಟಿತು.

"ಸೊಕ್ಕೆಯೋರು ರೋಗ ಮುಚ್ಚಿಟ್ಟು ಕೊಟ್ಟವ್ರೆ," ಎಂದರು ಅಪ್ಪ. "ಕರ್ಕೊಂಡು ಹೋಗ್ಲಿ. ವಾಸಿ ಆದ್ಮೇಲೆ ನೋಡಾನ."

ಆ 'ನೋಡಾನ'ಕ್ಕೆ ನಮ್ಮ ಕಡೆ ಅರ್ಥ ಎಲ್ಲರಿಗೂ ಗೊತ್ತು: ತವರಿಗೆ ಕಳಿಸಿದವಳನ್ನು ಮತ್ತೆ ಯಾರೂ ನೋಡುವುದಿಲ್ಲ. ಅಣ್ಣನಿಗೆ ತೋಟದಲ್ಲಿ ಕೆಲಸ ಬಂತು. ಅತ್ತಿಗೆ ಉತ್ತರ ಹೇಳಲು ಬಾಯಿ ತೆರೆದರು, ಬಂದದ್ದು ಕೆಮ್ಮು. ಹೇಳಲು ಉಸಿರು ಬೇಕಲ್ಲ. ಮೂರು ವರ್ಷ ನಮ್ಮ ಹೊಗೆ ಕುಡಿದದ್ದಕ್ಕೆ ಕೊನೆಗೆ ಅವರ ಸಂಸಾರವೇ ದಂಡ.

ಒಂದು ಭಾನುವಾರ ಹಿರಿಯರು ಕೂತರು. ಸೊಕ್ಕೆಯಿಂದ ಬೀಗರು, ಅಂದರೆ ಅತ್ತಿಗೆಯ ಅಪ್ಪ, ಬಂದಿದ್ದರು. ತೀರಿಹೋದ ನಮ್ಮಜ್ಜಿಯ ತಮ್ಮ ನ್ಯಾಮತಿಯಿಂದ ಬಂದಿದ್ದರು. ನಮ್ಮ ಮನೆಯ ಯಾವ ಮಾತುಕತೆಗೂ ಆ ಅಜ್ಜನೇ ದೊಡ್ಡ ತಲೆ, ಕಿವಿ ಸ್ವಲ್ಪ ಮಂದ, ತೀರ್ಪು ಜೋರು. ಊರಿನ ಒಂದಿಬ್ಬರು ಹಿರೀಕರೂ ಇದ್ದರು. ಎಲ್ಲರೂ ಬಾಗಿಲಲ್ಲಿ ಒಬ್ಬರಾದ ಮೇಲೆ ಒಬ್ಬರು ಕೆಮ್ಮಿ ಒಳಗೆ ಬಂದು, ಕೆಮ್ಮುವ ಹುಡುಗಿಯನ್ನು ಏನು ಮಾಡಬೇಕೆಂದು ತೀರ್ಮಾನಿಸಲು ಕೂತರು.

"ನಮ್ಮ ಹುಡುಗಿ ಮೈದಾನದಾಗೆ ಓಡಾಕೆ ನಿಂತ್ರೆ ಹುಡುಗ್ರೇ ಹಿಂದೆ ಬೀಳ್ತಿದ್ರು ಕಣ್ರಿ," ಎಂದರು ಬೀಗರು. "ಅವಳಿಗೆ ಎಲ್ಲಿ ಕೆಮ್ಮು?"

"ಹಂಗಾದ್ರೆ ಇಲ್ಲಿ ನಾವು ಕೊಟ್ವಾ?" ಎಂದರು ಅಪ್ಪ. "ನಮ್ಮನೆ ಕೆಮ್ಮು ಬ್ಯಾರೆ ರೀ. ಅದು ಗಂಭೀರ. ಇದು ಕುಯ್ಯೋ ಅಂತೈತೆ."

ಅಲ್ಲಿ ನನ್ನ ಬಾಯಿ ತಡೆಯಲಿಲ್ಲ. "ಅಪ್ಪ, ಎರಡೂ ನಂಗೆ ಬರ್ತವೆ. ಎಲ್ರೂ ಕಣ್ಣು ಮುಚ್ರಿ. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು ಅಜ್ಜಿದು, ಅವ್ವಂದು, ಅತ್ಗೇದು ಮೂರೂ ಕೆಮ್ತೀನಿ. ಯಾವುದು ಮನೆತನದ್ದು, ಯಾವುದು ಸೊಕ್ಕೇದು, ಆರಿಸಿ ಹೇಳ್ರಿ."

"ಪಂಚಾಯ್ತಿ ಅಂದ್ರೆ ನಿನ್ನ ಸ್ಟೇಜ್ ಅಲ್ಲ ಕಣ್ಲೇ," ಎಂದು ಅಪ್ಪ ಗದರಿದರು. ಆದರೆ ನ್ಯಾಮತಿ ಅಜ್ಜನಿಗೆ ಸತ್ತ ಅಕ್ಕನ ಕೆಮ್ಮು ಕೇಳುವ ಆಸೆಯಾಯಿತು. "ಮಾಡ್ಲಿ ಬಿಡೋ," ಎಂದು ಅವರೇ ಮೊದಲು ಕಣ್ಣು ಮುಚ್ಚಿದರು. ದೊಡ್ಡ ತಲೆ ಮುಚ್ಚಿದ ಮೇಲೆ ಉಳಿದ ತಲೆಗಳೂ ಮುಚ್ಚಿದವು.

ನಾನು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಒಳಗೆ ಅತ್ತಿಗೆ ಇದೇ ಹಿರಿಯರಿಗೆ ಒಲೆಯ ಮೇಲೆ ಉಪ್ಪಿಟ್ಟು ತಿರುವುತ್ತಿದ್ದರು. ದೊಡ್ಡ ಪಾತ್ರೆ ಗ್ಯಾಸಿನ ಮೇಲೆ ಕೂರುವುದಿಲ್ಲವಂತೆ. ತಮ್ಮನ್ನು ಕಳಿಸಬೇಕೋ ಬೇಡವೋ ಎಂದು ಹೇಳುವವರ ಹೊಟ್ಟೆಗೆ ಮೊದಲು ಬಿಸಿ ಬೀಳಬೇಕು. ಹೊಗೆಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳಲು ಚೊಂಬು ಎತ್ತಿ ಬಾಯಿತುಂಬ ನೀರು ತುಂಬಿಕೊಂಡೆ.

ಆಗ ಒಳಗಿನಿಂದ ಕೆಮ್ಮು ಬಂತು. ಒಣಗಿದ ಎರಡು, ಆಮೇಲೆ ಗೊರಗೊರ ಎಳೆಯುವುದು, ಕೊನೆಗೆ ಸಣ್ಣ ಶಿಳ್ಳೆ.

"ಇದು ನಮ್ಮವ್ವಂದು!" ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ. "ಥೇಟ್ ಅವಳದ್ದೇ. ಇದು ನೋಡ್ರಿ ಮನೆತನದ್ದು ಅಂದ್ರೆ."

"ಅಕ್ಕನೇ," ಎಂದರು ನ್ಯಾಮತಿ ಅಜ್ಜ. ಮುಚ್ಚಿದ ರೆಪ್ಪೆ ಒದ್ದೆಯಾಗಿತ್ತು. "ಹುಡುಗ ಚೆಂದ ಮಾಡ್ದ."

ಎಲ್ಲರೂ ಕಣ್ಣು ಬಿಟ್ಟರು. ನಾನು ಬಾಗಿಲಲ್ಲಿ ಕೆನ್ನೆ ಉಬ್ಬಿಸಿಕೊಂಡು, ಬಾಯಿತುಂಬ ನೀರಿಟ್ಟುಕೊಂಡು ನಿಂತಿದ್ದೆ. ನನ್ನ ಹಿಂದೆ ಅತ್ತಿಗೆ ಗೋಡೆ ಹಿಡಿದುಕೊಂಡು ಇನ್ನೂ ಉಸಿರು ಹುಡುಕುತ್ತಿದ್ದರು. ಶಾಲು, ತಟ್ಟೆ ಎಲ್ಲ ತಗೊಂಡ ಕಲಾವಿದನ ಅತ್ಯುತ್ತಮ ಪ್ರದರ್ಶನದಲ್ಲಿ ಕಲಾವಿದ ಬಾಯಿಯೇ ತೆರೆದಿರಲಿಲ್ಲ. ನೀರು ನುಂಗಿ, "ನಂದಲ್ಲ. ಅತ್ಗೇದು," ಎಂದಷ್ಟೇ ಹೇಳಿದೆ.

ಒಲೆಯ ಮೇಲೆ ಉಪ್ಪಿಟ್ಟು ಚುರುಗುಟ್ಟಿತು. ತಳ ಹಿಡಿಯುತ್ತಿತ್ತು.

ನ್ಯಾಮತಿ ಅಜ್ಜ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. "ಅಲ್ಲಪ್ಪ, ನಮ್ಮಕ್ಕ ನ್ಯಾಮತಿಯಾಗೆ ಇದ್ದಾಗ ಕೆಮ್ತಿರ್ಲಿಲ್ಲ. ನಮ್ಮನೆಯಾಗೆ ಯಾರೂ ಕೆಮ್ಮಲ್ಲ. ಇಲ್ಲಿಗೆ ಕೊಟ್ಮೇಲೇ ಅವಳು ಹಿಂಗಾಗಿದ್ದು."

"ನಮ್ಮ ಸಾಸ್ವೆಹಳ್ಳಿಯಾಗೂ ಯಾರಿಗೂ ಇಲ್ಲ," ಎಂದಳು ಅವ್ವ. ಹಿರಿಯರು ಕೂತಾಗ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. "ಡಾಕ್ಟ್ರು ಹೇಳವ್ರೆ. ಹೊಗೆ ಎದೆಯಾಗೆ ಕೂತು ಇಲ್ಲದ್ದನ್ನೆಲ್ಲ ಎಬ್ಬಿಸ್ತೈತಂತೆ. ನ್ಯಾಮತಿಯಾಕೆ, ಸಾಸ್ವೆಹಳ್ಳಿಯಾಕೆ, ಸೊಕ್ಕೆಯಾಕೆ, ಮೂರು ಮನೆ ರಕ್ತ. ಮೂವರೂ ಕೂತಿದ್ದು ಒಂದೇ ಒಲೆ ಮುಂದೆ."

ಅಪ್ಪ ಕೊನೆಯ ದಾಳ ಹಾಕಿದರು. "ಹಂಗಾದ್ರೆ ತಪ್ಪು ನಮ್ಮ ಒಲೇದು ಅಂತೀರಾ?" ಒಲೆಯನ್ನೂ ಕರೆಸಿ ಹಿರಿಯರ ಮುಂದೆ ಕೂರಿಸಿ ವಿಚಾರಿಸಬೇಕು ಎನ್ನುವ ಹಾಗಿತ್ತು.

ಯಾರೂ ಕ್ಷಮೆ ಕೇಳಲಿಲ್ಲ. ನಮ್ಮ ಕಡೆ ಅದಕ್ಕೆ ಬಳಸುವ ಮಾತು, "ಆಗಿದ್ದಾಯ್ತು, ಉಪ್ಪಿಟ್ಟು ತಿನ್ರಿ." ತಿಂದರು. ತಳ ಹಿಡಿದದ್ದನ್ನೂ ಬಿಡಲಿಲ್ಲ. ತಿನ್ನುತ್ತಲೇ ನ್ಯಾಮತಿ ಅಜ್ಜ ತೀರ್ಪು ಕೊಟ್ಟರು: ಸಿಪ್ಪೆಯ ಹೊಗೆ ಇಳಿಯುವ ತನಕ ಹುಡುಗಿ ಸೊಕ್ಕೆಯಲ್ಲಿರಲಿ, ಬಿಟ್ಟು ಬರಲೂ ಕರೆದು ತರಲೂ ಗಂಡನೇ ಹೋಗಬೇಕು, ಅವಳು ವಾಪಸ್ ಬರುವಷ್ಟರಲ್ಲಿ ಒಲೆ ಅಡುಗೆಮನೆಯಿಂದ ಹೊರಗೆ ಹೋಗಿರಬೇಕು. ಅಣ್ಣನಿಗೆ ಆ ಹೊತ್ತಿಗೆ ತೋಟದಲ್ಲಿ ಯಾವ ಕೆಲಸವೂ ನೆನಪಾಗಲಿಲ್ಲ. ಅತ್ತಿಗೆ ಕನ್ನಡಿಯ ಹತ್ತಿರದಿಂದ ಪಂಪು ತೆಗೆದುಕೊಂಡು, ಎಲ್ಲರ ಎದುರಿಗೇ ಎಳೆದು, ಬ್ಯಾಗಿನೊಳಗೆ ಹಾಕಿಕೊಂಡರು.

ಅದೇ ಸುಗ್ಗಿಯಲ್ಲಿ ನಮ್ಮ ಮಷೀನು ಸೊಕ್ಕೆಗೂ ಹೋಯಿತು. ಅತ್ತಿಗೆ ಹೊಲದ ಬದುವಿನಲ್ಲಿ, ಗಾಳಿ ಬರುವ ಕಡೆ ಬೆನ್ನು ಮಾಡಿ, ದೂರವೇ ನಿಂತಿದ್ದರು. ಅಲ್ಲಿಂದಲೇ, "ಬಾಯಿಗೆ ಬಟ್ಟೆ ಕಟ್ಟೋ ಕಲಾವಿದ!" ಎಂದು ಕೂಗಿದರು. ಮಷೀನಿನ ಸದ್ದನ್ನು ದಾಟಿ ಕೇಳಿಸಿತು. ಕಟ್ಟಿದೆ. ಕಟ್ಟಿದ ಮೇಲೆ ನಾನು ಹೇಳಿದ್ದು ಯಾರಿಗೂ ತಿಳಿಯದೆ, ಕೆಲಸ ಎಂದಿಗಿಂತ ಬೇಗ ಮುಗಿಯಿತು ಎಂದು ಡ್ರೈವರ್ ಸಂತೋಷಪಟ್ಟ.

ಯುಗಾದಿಗೆ ಮುಂಚೆ ಅಣ್ಣ ಹೋಗಿ ಅತ್ತಿಗೆಯನ್ನು ಕರೆದು ತಂದ. ಗ್ಯಾಸಿನ ಮೇಲಿನ ಕಸೂತಿ ಬಟ್ಟೆ ಈಗ ಕೈ ಒರೆಸುವ ಬಟ್ಟೆಯಾಗಿದೆ. ಹಳೆಯ ಒಲೆ ಹಿತ್ತಲಿಗೆ ಹೋಯಿತು, ಸ್ನಾನದ ನೀರಿಗೆ ಮಾತ್ರ. ಅದನ್ನು ಹೊತ್ತಿಸುವವರು ಅಪ್ಪ. "ಗ್ಯಾಸಿನಾಗೆ ಕಾಯಿಸಿದ್ ನೀರು ಮೈಗೆ ಹತ್ತಲ್ಲ," ಎಂದು ತಾವೇ ಹೇಳಿ ಸಿಕ್ಕಿಹಾಕಿಕೊಂಡರು. ದಿನಾ ಬಗ್ಗಿ ಬೆಂಡು ತುರುಕಿ ಊದುತ್ತಾರೆ, ಹೊಗೆಯೊಳಗಿನಿಂದ ಅವರ ಬೈಗುಳ ಮಾತ್ರ ಕೇಳಿಸುತ್ತದೆ.

ಮೊನ್ನೆ ನಾನು ಹೊನ್ನಾಳಿ ಕಡೆಯ ಕೆಲಸ ಮುಗಿಸಿ ಮೈತುಂಬ ಧೂಳು ಹೊತ್ತು ಬಂದು ಕೂತೆ. ಬಟ್ಟೆ ಕಟ್ಟಿದ್ದರೂ ನಾಲ್ಕು ಕೆಮ್ಮು ಬಂತು. ಅತ್ತಿಗೆ, "ತಡಿ," ಎಂದು ಎದ್ದು ನಿಂತು ನನ್ನನ್ನೇ ಶುರು ಮಾಡಿದರು. ಮಷೀನಿನ ಗುರುಗುರು, ಅದರ ಮೇಲೆ ನನ್ನ ಬಡಾಯಿ, ನಡುವೆ ನನ್ನ ಕೆಮ್ಮು, ಸ್ಟಾರ್ಟ್ ಆಗದ ಟ್ರ್ಯಾಕ್ಟರ್, ಅದೇ ಶಬ್ದದಲ್ಲಿ ಸಿಟ್ಟಾದ ಹೆಡ್‌ಮಾಸ್ತರು, ಕೊನೆಗೆ "ಒಳ್ಳೆ ಭವಿಷ್ಯ ಐತೆ ಕಣಪ್ಪ." ಒಂದೇ ಉಸಿರು.

ಅವ್ವ ನಕ್ಕಳು. ನಗು ಅರ್ಧಕ್ಕೆ ಕೆಮ್ಮಾಗಿ ತಿರುಗಿತು, ಅವಳದ್ದು ತಿರುಗುತ್ತಲೇ ಇರುತ್ತದೆ. ಅತ್ತಿಗೆ ಬೇಳೆ ಡಬ್ಬಿಯ ಹಿಂದಿನಿಂದ ಅವ್ವನ ಪಂಪು ತೆಗೆದು ಅಲ್ಲಾಡಿಸಿ ಕೊಟ್ಟರು. "ಅತ್ತೆ, ಮೊದ್ಲು ಉಸಿರು ಬಿಡ್ರಿ, ಆಮೇಲೆ ಎಳೀರಿ."

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಅಪ್ಪ ಒಂದು ಸಲ ಕೆಮ್ಮಿದರು. ಅಭ್ಯಾಸಬಲದಿಂದ ನಾವೆಲ್ಲ ಎರಡನೆಯದಕ್ಕೆ ಕಾದೆವು. ಎರಡನೆಯದು, ಮೂರನೆಯದು, ನಾಲ್ಕನೆಯದು ಒಂದರ ಬೆನ್ನಿಗೆ ಒಂದು ಬಂದವು. ಬಾಗಿಲ ಚೌಕಟ್ಟು ಹಿಡಿದು ನಿಂತರು. ಗಂಭೀರ ಇರಲಿಲ್ಲ. ಕುಯ್ಯೋ ಎನ್ನುತ್ತಿತ್ತು.

ಸುಧಾರಿಸಿಕೊಂಡು, ಯಾರಿಗೋ ಬೇರೆಯವರಿಗೆ ಕೇಳುವ ಹಾಗೆ, "ಆ ಪಂಪು... ಎಷ್ಟು ಸಲ ಎಳೀಬೇಕವ್ವ?" ಎಂದರು.

"ನಿಮಗ್ಯಾಕೆ ಮಾವ ಪಂಪು?" ಎಂದರು ಅತ್ತಿಗೆ. "ನಿಮ್ದು ಮನೆತನದ್ದಲ್ವಾ?"

ಹೇಳಿ, ನನ್ನ ಕಡೆ ತಿರುಗಿ, ಗಾಡಿಯ ಕೀ ಎತ್ತಿ ನನ್ನ ಕೈಗೆ ಹಾಕಿದರು. "ನಾಳೆ ದವಾಖಾನೆಗೆ ಕರ್ಕೊಂಡು ಹೋಗು. ಇವ್ರೂ ಒಂದ್ಸಲ ಊದಿ ಬರ್ಲಿ."